ಒಂದೇ ಹೆದ್ದಾರಿ, ಎರಡು ಹೋಟೆಲ್: ಬೈಲಕುಪ್ಪೆಯ ತೆಂತುಕ್, ಸುಳ್ಯದ ಸಿಲೋನ್ ರೊಟ್ಟಿ

ಮಾಣಿ–ಮೈಸೂರು ರಸ್ತೆಯಲ್ಲಿ ಊಟಕ್ಕೆ ಎಲ್ಲಿ ನಿಲ್ಲಿಸೋದು ಅಂತ ಕೇಳಿದರೆ ಹೆಚ್ಚಿನವರು ಮಡಿಕೇರಿಯ ಪಂದಿ ಕರಿ, ಕಡಂಬುಟ್ಟು ಹೋಟೆಲ್ ತೋರಿಸುತ್ತಾರೆ. ತಪ್ಪೇನಿಲ್ಲ. ಆದರೆ ಓಮ್ನಿಯಲ್ಲಿ ಪಂಪ್‌ಸೆಟ್ ಬಿಡಿಭಾಗ ತುಂಬಿಕೊಂಡು ಪುತ್ತೂರಿನಿಂದ ಪಿರಿಯಾಪಟ್ಟಣದವರೆಗೆ ಲೈನ್ ಹೋಗುವ ನನಗೆ ಘಟ್ಟದ ಮೇಲೊಂದು, ಘಟ್ಟದ ಕೆಳಗೊಂದು ಹೋಟೆಲ್ ಖಾಯಂ. ಮೇಲಿನದು ಟಿಬೆಟನ್ನರದು. ಕೆಳಗಿನದು ಸಿಲೋನಿನಿಂದ, ಅಂದರೆ ಈಗಿನ ಶ್ರೀಲಂಕಾದಿಂದ, ಬಂದ ತಮಿಳರದು. ಎರಡರ ಹೆಸರೂ ಬರೆಯುವುದಿಲ್ಲ. ಮೇಲಿನದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ, ಕೆಳಗಿನದಕ್ಕೆ ಬೋರ್ಡೇ ಇಲ್ಲ.

ಮೊದಲು ಬೈಲಕುಪ್ಪೆ. ಕುಶಾಲನಗರ ದಾಟಿ, ಕಾವೇರಿ ಸೇತುವೆ ದಾಟಿದರೆ ಕೊಪ್ಪ. ಅಲ್ಲಿಂದ ಗೋಲ್ಡನ್ ಟೆಂಪಲ್ ಕಡೆ ತಿರುಗಬೇಕು. ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠದ ಸುತ್ತಲಿನ ಹೋಟೆಲ್‌ಗಳು ಟೂರಿಸ್ಟ್ ಬಸ್ಸುಗಳಿಗೆ. ಗೋಬಿ ಮಂಚೂರಿಯಿಂದ ಮಸಾಲೆ ದೋಸೆವರೆಗೆ ಎಲ್ಲ ಸಿಗುತ್ತದೆ, ಯಾವುದಕ್ಕೂ ಹೇಳಿಕೊಳ್ಳುವಂಥ ರುಚಿಯಿಲ್ಲ. ಅವನ್ನೆಲ್ಲ ಬಿಟ್ಟು, ಜೋಳದ ಹೊಲ, ಶುಂಠಿ ಹೊಲಗಳ ನಡುವೆ ಒಳಗೆ ಹೋಗಿ. ಸನ್ಯಾಸಿ ಹುಡುಗರು ಸ್ಕೂಟರ್ ನಿಲ್ಲಿಸಿಕೊಂಡು ಉಣ್ಣುತ್ತಿರುವ ಜಾಗ ಕಂಡರೆ ಅಲ್ಲೇ ಕೂತುಕೊಳ್ಳಿ.

ಇಲ್ಲಿ ತಿನ್ನಬೇಕಾದದ್ದು ತೆಂತುಕ್. ಮೊಮೊ ಎಲ್ಲ ಕಡೆ ಸಿಗುತ್ತದೆ, ಈಗ ಪುತ್ತೂರಿನ ಬಸ್ ಸ್ಟ್ಯಾಂಡ್ ಹತ್ತಿರವೂ ಗಾಡಿ ಬಂದಿದೆ. ತೆಂತುಕ್ ಹಾಗಲ್ಲ. ನಾದಿದ ಹಿಟ್ಟನ್ನು ಉದ್ದಕ್ಕೆ ಎಳೆದು, ಮುಂಗೈ ಮೇಲೆ ಹಾಕಿಕೊಂಡು, ತುದಿಯಿಂದ ಹೆಬ್ಬೆರಳಗಲದ ಚೂರುಗಳನ್ನು ಪಟಪಟ ಹರಿದು ಕುದಿಯುವ ಸಾರಿಗೆ ಎಸೆಯುತ್ತಾರೆ. ಅಡುಗೆಮನೆಗೆ ಬಾಗಿಲಿಲ್ಲ, ಕೂತಲ್ಲಿಂದಲೇ ನೋಡಬಹುದು. ಮೂಲಂಗಿ, ಸೊಪ್ಪು, ಟೊಮೆಟೊ, ಬೇಕಾದರೆ ಚಿಕನ್. ಮಸಾಲೆ ಅಂತ ಹೇಳುವಂಥದ್ದು ಏನೂ ಇಲ್ಲ. ನಮ್ಮ ಕಡೆಯವರಿಗೆ ಮೊದಲ ಚಮಚ ಸಪ್ಪೆ ಅನಿಸುತ್ತದೆ. ಮೇಜಿನ ಮೇಲಿರುವ ಕೆಂಪು ಮೆಣಸಿನ ಚಟ್ನಿ ಹಾಕಿಕೊಂಡರೆ ಸರಿಹೋಗುತ್ತದೆ. 130 ರೂಪಾಯಿಯ ಬಟ್ಟಲು ಒಬ್ಬನಿಗೆ ಸ್ವಲ್ಪ ಜಾಸ್ತಿಯೇ. ಡಿಸೆಂಬರ್ ಚಳಿಯಲ್ಲಿ ಮಡಿಕೇರಿ ಕಡೆಯಿಂದ ಇಳಿದು ಬಂದವನಿಗೆ ಅದಕ್ಕಿಂತ ಒಳ್ಳೆಯ ಊಟ ಈ ರಸ್ತೆಯಲ್ಲಿಲ್ಲ. ಬೆಣ್ಣೆ ಚಹಾ ಮಾತ್ರ ನನಗೆ ಒಗ್ಗಲಿಲ್ಲ. ಉಪ್ಪು, ಬೆಣ್ಣೆ ಹಾಕಿದ ಬಿಸಿನೀರನ್ನು ಚಹಾ ಅಂತ ಕುಡಿಯಲು ಆ ದೇಶದ ಚಳಿಯಲ್ಲೇ ಹುಟ್ಟಿರಬೇಕೇನೋ.

ತಕರಾರು ಏನಂದರೆ, ಶನಿವಾರ ಭಾನುವಾರ ಹೋಗಬೇಡಿ. ಬೆಳಿಗ್ಗೆ ಮಾಡಿಟ್ಟ ಮೊಮೊ ಮತ್ತೆ ಹಬೆಗಿಟ್ಟು ಕೊಡುತ್ತಾರೆ, ಹೊದಿಕೆ ರಬ್ಬರಿನ ಹಾಗೆ ಎಳೆಯುತ್ತದೆ. ಇನ್ನೊಂದು, ಆರ್ಡರ್ ತಗೊಳ್ಳುವ ಹುಡುಗನಿಗೆ ಕನ್ನಡವೂ ಬರುವುದಿಲ್ಲ, ಟಿಬೆಟನ್ ಭಾಷೆಯೂ ಬರುವುದಿಲ್ಲ. ಅವನು ಅಸ್ಸಾಮಿನವನು. ಅಡುಗೆ ಮಾಡುವವರಿಬ್ಬರು ನೇಪಾಳದವರು. ಟಿಬೆಟನ್ ಹೋಟೆಲಿನಲ್ಲಿ ಟಿಬೆಟನ್ ಅಂದರೆ ಗಲ್ಲಾದಲ್ಲಿ ಕೂತ ಯಜಮಾನರು ಮತ್ತು ಅವರ ತಾಯಿ ಅಮಾಲಾ ಮಾತ್ರ. ಅಮಾಲಾ ಕೈಯಲ್ಲಿ ಜಪಮಣಿ, ಬಾಯಲ್ಲಿ ಮಂತ್ರ, ಕಣ್ಣು ಮಾತ್ರ ಬಿಲ್ಲಿನ ಮೇಲೆ.

ಯಜಮಾನರ ಕನ್ನಡ ನನಗಿಂತ ಚೆನ್ನಾಗಿದೆ, ಪಿರಿಯಾಪಟ್ಟಣದ ಕನ್ನಡ. "ನಿಮ್ಮ ಹುಡುಗರೆಲ್ಲ ಎಲ್ಲಿ ಸ್ವಾಮಿ?" ಅಂತ ಕೇಳಿದೆ. "ಮಗ ಟೊರೊಂಟೊದಲ್ಲಿ, ಮಗಳು ಬೆಂಗಳೂರಲ್ಲಿ ನರ್ಸು. ಅವಳೂ ಹೋಗ್ತಾಳೆ ಬಿಡಿ" ಅಂದರು. ಬೇಜಾರಿನಿಂದಲೂ ಅಲ್ಲ, ಹೆಮ್ಮೆಯಿಂದಲೂ ಅಲ್ಲ, ಮಳೆ ಬರುತ್ತೆ ಅನ್ನುವ ದನಿಯಲ್ಲಿ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕಾಡುಜಾಗ ಕೊಟ್ಟಿತು. 1960ರ ಹೊತ್ತಿಗೆ ಮೊದಲ ತಂಡಗಳು ಬಂದವು. ಹಿಮದ ಊರಿನವರು ಇಲ್ಲಿ ಬಿದಿರು ಕಡಿದರು, ಆನೆ ಓಡಿಸಿದರು, ಜೋಳ ಬಿತ್ತಿದರು. ನಿಜಲಿಂಗಪ್ಪನವರ ಹೆಸರನ್ನು ಇಲ್ಲಿನ ಹಿರಿಯರು ಈಗಲೂ ಕೈಮುಗಿದು ಹೇಳುತ್ತಾರೆ. ಆಮೇಲೆ ಮಠಗಳು ಬಂದವು, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಬಂದವು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ನಮ್ಮಲ್ಲಿ ಎಷ್ಟೋ ಜನರ ಮೊದಲ ಸ್ವೆಟರ್ ಅವರ ಕೈಯಿಂದಲೇ ಬಂದದ್ದು, ಅಲ್ವಾ? ಈಗ ವಿದೇಶದಿಂದ ಮಕ್ಕಳು ಕಳಿಸುವ ದುಡ್ಡು, ಮಠಗಳಿಗೆ ಬರುವ ದಾನ, ಟೂರಿಸ್ಟ್ ವ್ಯಾಪಾರ. ಮನೆಗಳನ್ನು ನೋಡಿದರೇ ಗೊತ್ತಾಗುತ್ತದೆ.

ಇಷ್ಟೆಲ್ಲ ಇದ್ದರೂ ಆ 3,000 ಎಕರೆಯಲ್ಲಿ ಒಂದು ಸೆಂಟ್ಸ್ ಕೂಡ ಅವರ ಹೆಸರಿನಲ್ಲಿಲ್ಲ. ಹೆಚ್ಚಿನವರ ಕೈಯಲ್ಲಿರುವುದು ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಅದನ್ನು ಆಗಾಗ ನವೀಕರಿಸುತ್ತಿರಬೇಕು. ಯಜಮಾನರು 1970ರಲ್ಲಿ ಇಲ್ಲೇ ಹುಟ್ಟಿದವರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಅಂತ ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. ಹಾಗಾದರೆ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬಹುದಲ್ಲ ಅಂದೆ. ಅವರು ನಕ್ಕರು. ಭಾರತೀಯ ಪಾಸ್‌ಪೋರ್ಟ್ ಬೇಕೆಂದರೆ ಟಿಬೆಟನ್ ವಸಾಹತಿನ ಮನೆ, ಸೌಲಭ್ಯ ಎಲ್ಲ ಬಿಟ್ಟುಕೊಡಬೇಕು ಅಂತ 2017ರಲ್ಲಿ ಷರತ್ತು ಬಂತಂತೆ. "ಮನೆ ಬಿಟ್ಟು ಪಾಸ್‌ಪೋರ್ಟ್ ಇಟ್ಟುಕೊಂಡು ಎಲ್ಲಿ ಮಲಗಲಿ?" ಅಂದರು.

ಇನ್ನು ಕೆಳಗಿನ ಹೋಟೆಲ್. ಸಂಪಾಜೆ ಘಾಟಿ ಇಳಿದು, ಅರಂತೋಡು ದಾಟಿ ಸುಳ್ಯದ ಕಡೆ ಬರಬೇಕು. ಮುಖ್ಯರಸ್ತೆಯಿಂದ ಒಳಗೆ ರಬ್ಬರ್ ತೋಟ. ಆ ದಾರಿ ಶುರುವಾಗುವಲ್ಲಿ ಶೀಟು ಹೊದಿಸಿದ ಒಂದು ಮಾಡು, ಎರಡು ಬೆಂಚು, ಒಂದು ಕಟ್ಟಿಗೆ ಒಲೆ. ನಡೆಸುವವರು ಅರುವತ್ತು ದಾಟಿದ ಅಕ್ಕ. ಬೆಳಿಗ್ಗೆ ಬೇಗ ತೆರೆಯುತ್ತಾರೆ, ಯಾಕಂದರೆ ಗಿರಾಕಿಗಳು ಟ್ಯಾಪಿಂಗ್‌ನವರು. ತಲೆಗೆ ಲೈಟು ಕಟ್ಟಿಕೊಂಡು ಕತ್ತಲಲ್ಲೇ ಮರ ಕೆತ್ತಿ, ಹಾಲು ಇಳಿಯುವವರೆಗೆ ಕಾಯುವ ಹೊತ್ತಿನಲ್ಲಿ ತಿನ್ನಲು ಬರುತ್ತಾರೆ.

ಮೆನು ಅಂತ ಇಲ್ಲ. ರೊಟ್ಟಿ, ಸಂಬಲ್, ಪ್ಲೇನ್ ಟೀ. ಭಾನುವಾರ ಕೋಳಿ ಸಾರು. ಈ ರೊಟ್ಟಿ ನಮ್ಮ ಅಕ್ಕಿ ರೊಟ್ಟಿಯೂ ಅಲ್ಲ, ಜೋಳದ ರೊಟ್ಟಿಯೂ ಅಲ್ಲ. ಮೈದಾಕ್ಕೆ ಹಿಟ್ಟಿನಷ್ಟೇ ತೆಂಗಿನ ತುರಿ, ಉಪ್ಪು, ನೀರು. ಅಂಗೈಯಲ್ಲೇ ತಟ್ಟಿ ಕಾವಲಿಗೆ ಹಾಕುತ್ತಾರೆ. ಅಂಚು ಕರಿದಾಗಬೇಕು, ನಡುವೆ ಮೆತ್ತಗಿರಬೇಕು. ದಪ್ಪ ಎಷ್ಟಿರುತ್ತದೆ ಅಂದರೆ ಎರಡು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ. ಒಂದಕ್ಕೆ 15 ರೂಪಾಯಿ.

ಸಂಬಲ್ ಇಲ್ಲಿನ ಪ್ರಾಣ. ಒಣಮೆಣಸು, ಸಣ್ಣ ಈರುಳ್ಳಿ, ಉಪ್ಪು ಕಲ್ಲಿನಲ್ಲಿ ಜಜ್ಜಿ ಮೇಲೆ ಲಿಂಬೆ ಹಿಂಡುತ್ತಾರೆ. ಸಿಲೋನಿನಲ್ಲಿ ಇದಕ್ಕೆ ಮಾಲ್ಡೀವ್ಸ್ ಕಡೆಯ ಒಣಮೀನು ಹಾಕುತ್ತಿದ್ದರು. ಇಲ್ಲಿ ಅಕ್ಕ ಹಾಕುವುದು ಮಂಗಳೂರಿನ ಒಣ ಎಟ್ಟಿ, ಅಂದರೆ ಸೀಗಡಿ, ಅದೂ ಹುರಿದು ಪುಡಿ ಮಾಡಿ. ಮಿಕ್ಸಿ ಇದೆ, ಆದರೆ ಸಂಬಲ್‌ಗೆ ಮುಟ್ಟಿಸುವುದಿಲ್ಲ. ಕಲ್ಲಿನಲ್ಲಿ ಜಜ್ಜಿದ್ದರಿಂದ ಈರುಳ್ಳಿ ಪೂರ್ತಿ ಅರೆಯುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಖಾರ ಮೊದಲು ಗೊತ್ತಾಗುವುದಿಲ್ಲ, ಎರಡನೇ ತುತ್ತಿಗೆ ಕಿವಿ ಬಿಸಿಯಾಗುತ್ತದೆ. ಆಗ ಬೆಲ್ಲದ ತುಂಡು ಕಚ್ಚಿಕೊಂಡು, ಹಾಲಿಲ್ಲದ ಶುಂಠಿ ಟೀ ಒಂದು ಗುಟುಕು. ತೆಂತುಕ್ ದೊಡ್ಡ ಊಟವೇ ಇರಬಹುದು, ರುಚಿಯಲ್ಲಿ ನನ್ನ ಓಟು ಈ ಸಂಬಲ್‌ಗೆ.

ಅಕ್ಕ ಗಂಡನ ಜೊತೆ ತಮಿಳು, ಗಿರಾಕಿಗಳ ಜೊತೆ ತುಳು, ನನ್ನ ಜೊತೆ ಕನ್ನಡ. ಯಾರೇ ಬಂದರೂ ಮೊದಲು "ಒಣಸ್ ಆಂಡಾ ಅಣ್ಣಾ?" (ಊಟ ಆಯ್ತಾ?) ಅಂತಲೇ. ಬೆಳಿಗ್ಗೆ ಎಂಟಕ್ಕೂ ಅದೇ ಪ್ರಶ್ನೆ.

ಇವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಸಿಲೋನಿನ ಕಾಫಿ, ಟೀ ತೋಟಗಳಿಗೆ ಕರೆದುಕೊಂಡು ಹೋಗಿದ್ದರು. ತಲೆಮಾರುಗಟ್ಟಲೆ ಅಲ್ಲೇ ದುಡಿದರು. 1948ರಲ್ಲಿ ಸಿಲೋನ್ ಸ್ವತಂತ್ರವಾದ ಕೂಡಲೇ ಬಂದ ಪೌರತ್ವ ಕಾನೂನು ಇವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕೂತು ಲೆಕ್ಕ ಹಾಕಿದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದವರ ವಿಷಯ ಆಮೇಲೆ. ತೋಟದ ಜನರನ್ನು ಯಾರೂ ಕೇಳಲಿಲ್ಲ. ಅಕ್ಕ ಚಿಕ್ಕವರಿದ್ದಾಗ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದರು. ಅಲ್ಲಿಂದ ಮಂಡಪಂ ಕ್ಯಾಂಪು, ಅಲ್ಲಿಂದ ಸುಳ್ಯ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಇವರಿಗೆ ಕೆಲಸ ಕೊಡಲೆಂದೇ ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಕಿತು. ಐವರ್ನಾಡು, ಮೇದಿನಡ್ಕ ಕಡೆಯ ತೋಟಗಳಲ್ಲಿ ಅವರ ಕಾಲೋನಿಗಳನ್ನು ಈಗಲೂ ನೋಡಬಹುದು. ಟೀ ತೋಟದ ಲೈನ್ ಮನೆಗಳಿಂದ ರಬ್ಬರ್ ತೋಟದ ಲೈನ್ ಮನೆಗಳಿಗೆ ಬಂದರು, ಅಷ್ಟೇ.

ಇವರು ಬರುವಾಗಲೇ ಭಾರತದ ಪಾಸ್‌ಪೋರ್ಟ್ ಕೈಯಲ್ಲಿತ್ತು. ಓಟಿದೆ, ರೇಷನ್ ಕಾರ್ಡಿದೆ, ಆಧಾರ್ ಇದೆ. ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಗಲಭೆಯ ನಂತರ ಓಡಿಬಂದ ನಿರಾಶ್ರಿತರ ಜೊತೆ ಇವರನ್ನು ಸೇರಿಸಿ ಮಾತಾಡುವವರು ಇದ್ದಾರೆ. ಅದು ಬೇರೆ ಕಥೆ, ಇದು ಬೇರೆ. ಕಾಗದದಲ್ಲಿ ಅಕ್ಕ ನಿಮ್ಮಷ್ಟೇ, ನನ್ನಷ್ಟೇ ಭಾರತೀಯರು.

ಹಾಗಿದ್ದೂ ಯಾರ ಬದುಕು ಸಲೀಸು ಅಂತ ಕೇಳಿದರೆ ಓಮ್ನಿಯಿಂದ ಇಳಿಯದೆಯೇ ಹೇಳಬಹುದು, ಮೇಲಿನವರದು. ನನಗೆ ಕಾಣುವ ಕಾರಣ ಇದು. ಟಿಬೆಟನ್ನರು ಒಂದು ಜನಾಂಗವಾಗಿ ಬಂದರು. ಗುರು ಜೊತೆಗಿದ್ದರು, ಮಠ ಜೊತೆಗೆ ಬಂತು, ಇಡೀ ಪ್ರಪಂಚ ನೋಡುತ್ತಿತ್ತು. ಜಾಗ ವಸಾಹತಿಗೆ ಒಟ್ಟಾಗಿ ಸಿಕ್ಕಿತು, ಶಾಲೆ ಅವರದೇ ಕೈಯಲ್ಲಿತ್ತು. ಸಿಲೋನಿನವರು ಬಂದದ್ದು ಕೂಲಿಯಾಳುಗಳಾಗಿ, ಒಂದೊಂದೇ ಕುಟುಂಬವಾಗಿ. ಸಿಕ್ಕಿದ್ದು ಕೆಲಸ, ಕೆಲಸದ ಜೊತೆ ಕಟ್ಟಿಹಾಕಿದ ಮನೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮಳೆಗಾಲದಲ್ಲಿ ಟ್ಯಾಪಿಂಗ್ ಇಲ್ಲ, ಸಂಬಳವೂ ಇಳಿಯುತ್ತದೆ. ಅಕ್ಕ ನಿವೃತ್ತಿಯ ದುಡ್ಡಿನಲ್ಲಿ ಐದು ಸೆಂಟ್ಸ್ ಜಾಗ ಮಾಡಿಕೊಂಡದ್ದಕ್ಕೇ ಈ ಹೋಟೆಲ್ ಆಯಿತು. ಕಾಲೋನಿಯಲ್ಲಿ ಅಂಥವರು ಕಡಿಮೆ.

ಜಾತಿ ಪ್ರಮಾಣಪತ್ರದ ಗೋಳು ಇನ್ನೊಂದು. ಈ ಜನರಲ್ಲಿ ಹೆಚ್ಚಿನವರು ದಲಿತರು. ಆದರೆ ಅಜ್ಜ ಇಲ್ಲಿನವರು ಅನ್ನುವುದಕ್ಕೆ ದಾಖಲೆ ಎಲ್ಲಿಂದ ತರೋದು? ಅಜ್ಜ ಇದ್ದದ್ದು ಸಮುದ್ರದ ಆಚೆ. ಅಕ್ಕನ ಮೊಮ್ಮಗಳು ಪಿಯುಸಿ, ನರ್ಸಿಂಗ್ ಸೇರಬೇಕು ಅಂತಿದ್ದಾಳೆ. ನಾನು ರೊಟ್ಟಿ ತಿನ್ನುವಾಗ ಆ ಹುಡುಗಿ ಪಕ್ಕದ ಬೆಂಚಿನಲ್ಲಿ ಅಜ್ಜಿಯ ಹಳೇ ಕಾಗದಗಳ ಪ್ಲಾಸ್ಟಿಕ್ ಚೀಲ ಬಿಚ್ಚಿಕೊಂಡು ಕೂತಿದ್ದಳು. ತಮಿಳು, ಇಂಗ್ಲಿಷ್, ಸಿಂಹಳ ಎಲ್ಲ ಇದ್ದ ಒಂದು ಹಳದಿ ಕಾಗದವನ್ನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಳು. "ಇದ್ರಲ್ಲಿ ಊರ ಹೆಸರು ಇದೆ ಅಣ್ಣ, ಇದನ್ನಾದ್ರೂ ಒಪ್ಪುತ್ತಾರಾ?" ಅಂತ ಕೇಳಿದಳು. ನನಗೇನು ಗೊತ್ತು? ಸುಮ್ನೆ ತಲೆಯಾಡಿಸಿದೆ.

ಆದರೂ ಮುಂದಿನ ಇಪ್ಪತ್ತು ವರ್ಷಕ್ಕೆ ಪಂಥ ಕಟ್ಟು ಅಂದರೆ ನಾನು ಸುಳ್ಯದ ಮೇಲೆ ಕಟ್ಟುತ್ತೇನೆ. ಬೈಲಕುಪ್ಪೆಯಲ್ಲಿ ಮನೆಗಳು ದೊಡ್ಡದಾಗುತ್ತಿವೆ, ಒಳಗೆ ಇರುವವರು ಅಜ್ಜಿ ತಾತ. ಶಾಲೆಗಳಲ್ಲಿ ಮಕ್ಕಳು ಕಡಿಮೆ. ಮಠಗಳಿಗೆ ಬರುವ ಹುಡುಗರಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನದವರು ಹೆಚ್ಚಾಗಿದ್ದಾರೆ. ಇಲ್ಲಿಯ ಓದಿದ ಹುಡುಗರಿಗೆ ನ್ಯೂಯಾರ್ಕಿನ ಕ್ವೀನ್ಸ್, ಟೊರೊಂಟೊದ ಪಾರ್ಕ್‌ಡೇಲ್ ಗೊತ್ತಿರುವಷ್ಟು ಪಿರಿಯಾಪಟ್ಟಣ ಗೊತ್ತಿಲ್ಲ. ಅವರನ್ನು ತಪ್ಪು ಅನ್ನಲು ಬಾಯಿ ಬರುವುದಿಲ್ಲ. ಸ್ವಂತ ಜಾಗ ಕೊಳ್ಳಲಾಗದ, ಸರಕಾರಿ ಕೆಲಸ ಸಿಗುವುದು ಕಷ್ಟವಾದ ಊರಿನಲ್ಲಿ ಯಾರು ಉಳಿಯುತ್ತಾರೆ? ಸುಳ್ಯದ ಹುಡುಗರು ಆಟೋ ಓಡಿಸುತ್ತಾರೆ, ಮಂಗಳೂರಿನ ಆಸ್ಪತ್ರೆಗಳಲ್ಲಿ ದುಡಿಯುತ್ತಾರೆ, ಗಲ್ಫಿಗೂ ಹೋಗುತ್ತಾರೆ. ಹೋದವರು ವಾಪಸು ಬಂದು ಇಲ್ಲೇ ಮನೆ ಕಟ್ಟುತ್ತಾರೆ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಕಾಲೋನಿಗೆ ಬರಲೇಬೇಕು. ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ನಿಗಮದ ರಬ್ಬರ್ ನಷ್ಟದಲ್ಲಿದೆ ಅನ್ನುವ ಮಾತು ಬೇರೆ ಆಗಾಗ ಕೇಳಿಬರುತ್ತದೆ. ಆದರೂ ಬೇಕು ಅಂತ ಕೇಳಲು ಇವರಿಗೊಂದು ಜಾಗವಿದೆ. ಮೇಲಿನವರು ಎಷ್ಟೇ ಅನುಕೂಲಸ್ಥರಾದರೂ ಅತಿಥಿಗಳಾಗಿಯೇ ಕೇಳಬೇಕು.

ಹೋಗುವವರಿಗೆ: ಬೈಲಕುಪ್ಪೆಯಲ್ಲಿ ಮಧ್ಯಾಹ್ನ ಒಂದರ ಮೊದಲು ಹೋದರೆ ತೆಂತುಕ್ ಬಿಸಿಯಾಗಿ ಸಿಗುತ್ತದೆ, ಶೌಚಾಲಯ ಚೆನ್ನಾಗಿದೆ, ಗಾಡಿ ನಿಲ್ಲಿಸಲು ಜಾಗ ಬೇಕಾದಷ್ಟು. ಫೆಬ್ರವರಿ–ಮಾರ್ಚ್‌ನಲ್ಲಿ ಲೋಸರ್, ಅಂದರೆ ಟಿಬೆಟನ್ ಹೊಸ ವರ್ಷದ, ಹಬ್ಬದ ದಿನಗಳಲ್ಲಿ ಬಾಗಿಲು ಹಾಕಿರುತ್ತಾರೆ, ವಿಚಾರಿಸಿಕೊಂಡು ಹೋಗಿ. ಸುಳ್ಯದಲ್ಲಿ ಶೌಚಾಲಯವಿಲ್ಲ, ಬೋರ್ಡಿಲ್ಲ, ಕೈ ತೊಳೆಯಲು ಹೊರಗೆ ಡ್ರಮ್ಮು. ಗೂಗಲ್ ಪೇ ಇದೆ, ಮೊಮ್ಮಗಳು ಮಾಡಿಕೊಟ್ಟದ್ದು. ಹತ್ತೂವರೆ ದಾಟಿದರೆ ರೊಟ್ಟಿ ಮುಗಿದಿರುತ್ತದೆ. ಹೆಂಗಸರು ಮಕ್ಕಳ ಜೊತೆ ಹೋಗುವುದಾದರೆ ಸಂಬಲ್ ಬೇರೆ ತಟ್ಟೆಯಲ್ಲಿ ಕೊಡಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಅಕ್ಕ ಕೇಳದೆ ರೊಟ್ಟಿಯ ಮೇಲೆಯೇ ಹಾಕಿಬಿಡುತ್ತಾರೆ.