ಶಿರಸಿಯ ಉಪ್ಪಿನಕಾಯಿ ಮಡಗಾಂವ್‌ಗೆ: ಕಾಂಪ್ಲಯನ್ಸ್ ಆಪ್ ಬಳಸಿದ ಅನುಭವ

ರೇಟಿಂಗ್: 5ಕ್ಕೆ ಮೂರೂವರೆ. ಎರಡು ವರ್ಷಕ್ಕಿಂತ ಜಾಸ್ತಿ ಚಂದಾ ಕಟ್ಟಿ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯಲ್ಲಿ ಸಣ್ಣ ಉದ್ಯೋಗ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು. ತಯಾರಿಕೆ ಭಾವನದ್ದು, ಬಿಲ್ಲು, ಲೈಸೆನ್ಸ್, ರಿಟರ್ನ್ ನನ್ನ ತಲೆಬಿಸಿ. ಗೋವಾದ ಮಡಗಾಂವ್‌ನ ಅಂಗಡಿಗಳಿಂದ ಆರ್ಡರ್ ಬರಲು ಶುರುವಾದಾಗ ಈ ಆಪ್‌ಗೆ ಸೇರಿದೆವು. ಜಿಎಸ್‌ಟಿ, ಲೈಸೆನ್ಸ್, ರಿಟರ್ನ್ ಇಂಥ ಕಾನೂನಿನ ಕೆಲಸ ನೋಡಿಕೊಳ್ಳುವ ಸೇವೆ ಇದು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಖಾತೆ ತೆರೆಯುವಾಗಲೇ ಆಪ್ ಕೇಳಿದ ಪ್ರಶ್ನೆ, 'ನೀವು ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದೀರಾ?' ಇದ್ದೆವು. ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ವ್ಯವಸ್ಥೆ ಅದು, ಮಾರಾಟದ ಮೇಲೆ ಶೇ. 1 ಕಟ್ಟಿ ಆರಾಮಾಗಿದ್ದೆವು. ಆದರೆ ಆ ಸ್ಕೀಮ್‌ನಲ್ಲಿದ್ದುಕೊಂಡು ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಒಂದು ಡಬ್ಬಿ ಕಳಿಸಿದರೂ ತಪ್ಪೇ. ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಬೇಡ ಎಂಬ ಮಿತಿ ನೆಚ್ಚಿಕೊಂಡು ರಿಜಿಸ್ಟ್ರೇಷನ್ ಇಲ್ಲದೆ ಕೂತವರಿಗೂ ಇದೇ ಕಥೆ. ತೆರಿಗೆ ಇರುವ ಸರಕು ಗಡಿ ದಾಟಿತು ಅಂದರೆ ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ನಂಬರ್ ಬೇಕು. ಆಪ್ ಹೇಳಿದಂತೆ ಸ್ಕೀಮ್‌ನಿಂದ ಹೊರಬಂದೆವು. ಕೈಯಲ್ಲಿದ್ದ ಬಾಟಲಿ, ಮುಚ್ಚಳ, ಮಸಾಲೆಗೆ ಕೊಟ್ಟಿದ್ದ ತೆರಿಗೆಯ ಕ್ರೆಡಿಟ್ (ಅಂದರೆ ನಾವು ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವುದು) ಬೇಕಿದ್ದರೆ 30 ದಿನದೊಳಗೆ ಐಟಿಸಿ-01 ಎಂಬ ಫಾರ್ಮ್ ಹಾಕಬೇಕು. ಅದನ್ನೂ ನೆನಪಿಸಿದ್ದು ಇದೇ ಆಪ್. ಆ ವರ್ಷದ ಚಂದಾದ ಬಹುಪಾಲು ಅಲ್ಲಿಗೇ ವಸೂಲಾಯಿತು.

ಆಮೇಲೆ ಶುರುವಾಯಿತು ಇವರ ಸೇಲ್ಸ್ ವಿಭಾಗದ ಫೋನು. 'ಮೇಡಂ, ಗೋವಾಕ್ಕೆ ಮಾರ್ತಿದ್ದೀರಲ್ಲ, ಗೋವಾ ಜಿಎಸ್‌ಟಿ ಮಾಡಿಸಲೇಬೇಕು.' ಅದಕ್ಕೆ ಬೇರೆ ಪ್ಲಾನ್, ಬೇರೆ ದುಡ್ಡು. ನಮ್ಮ ಶಿರಸಿಯ ಆಡಿಟರ್ ಕೇಳಿ ನಕ್ಕರು. 'ಅಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದೀರಾ ಅಕ್ಕಾ?' ವಿಷಯ ಇಷ್ಟೇ. ಶಿರಸಿಯಿಂದ ಬಿಲ್ ಮಾಡಿ ಗೋವಾದ ಅಂಗಡಿಗೆ ಮಾಲು ಕಳಿಸಿದರೆ, ಇಲ್ಲಿನ ನಂಬರಿನಲ್ಲೇ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ಜಿಎಸ್‌ಟಿ) ಹಾಕಿದರೆ ಮುಗಿಯಿತು. ಅಲ್ಲಿ ಗೋಡೌನ್, ಅಂಗಡಿ ಅಂತ ಜಾಗ ಮಾಡಿಕೊಂಡಾಗ ಮಾತ್ರ ಆ ರಾಜ್ಯದ ನಂಬರ್ ಬೇಕು. ಆಡಿಟರ್ ಇಲ್ಲದವರು ಸುಮ್ನೆ ದುಡ್ಡು ಕಟ್ಟಿ, ಬೇಡದ ನಂಬರಿಗೆ ತಿಂಗಳು ತಿಂಗಳು ಸೊನ್ನೆ ರಿಟರ್ನ್ ಹಾಕುತ್ತಾ ಕೂತಿರುತ್ತಾರೆ. ಒಂದು ಸ್ಟಾರ್ ಹೋಗಿದ್ದು ಇದಕ್ಕೇ.

ಕಳೆದ ವರ್ಷ ಮಡಗಾಂವ್‌ನಲ್ಲಿ ನಿಜವಾಗಿಯೂ ಒಂದು ಕೋಣೆ ಹಿಡಿದೆವು. ಆಗ ಗೋವಾ ಪ್ಲಾನ್ ತಗೊಂಡೆ. ರಿಜಿಸ್ಟ್ರೇಷನ್ ಕೆಲಸ ಚೆನ್ನಾಗಿ ಮಾಡಿದರು. ಪ್ಯಾನ್ ಅದೇ, ನಂಬರ್ ಮಾತ್ರ ಬೇರೆ. ಮೊದಲೆರಡು ಅಂಕಿ ರಾಜ್ಯದ ಕೋಡ್, ನಮ್ಮದು 29ರಿಂದ ಶುರು, ಅಲ್ಲಿಯದು 30ರಿಂದ. ಬಾಡಿಗೆ ಕರಾರು, ಕರೆಂಟ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಬೇಕಿತ್ತು. ಇವರ 'ಲೋಕಲ್ ಎಕ್ಸ್‌ಪರ್ಟ್' ಮಾಲೀಕರಿಂದ ಪತ್ರ ತರಲು ಸೋತರು. ನನ್ನ ತವರು ಕಾರವಾರ, ಕೊಂಕಣಿಯಲ್ಲಿ ಮಾತಾಡಿಸಿದೆ, ಸಂಜೆಯೊಳಗೆ ಸಹಿ ಬಿತ್ತು. ಅದಕ್ಕೆ ಇವರಿಗೆ ಮಾರ್ಕ್ ಕೊಡಲ್ಲ.

ಬೇಸರ ಆಗಿದ್ದು ಆಹಾರ ಲೈಸೆನ್ಸ್ ವಿಷಯಕ್ಕೆ. ಎರಡು ರಾಜ್ಯದಲ್ಲಿ ವ್ಯವಹಾರ ಅಂದರೆ ಮುಖ್ಯ ಕಚೇರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ ಕೇಂದ್ರ ಲೈಸೆನ್ಸ್, ಅದರ ಜೊತೆ ಅಲ್ಲಿನ ಜಾಗಕ್ಕೆ ಬೇರೆ. ಇದನ್ನು ಇವರು ಬಾಯಿಬಿಟ್ಟಿದ್ದು ಬಾಡಿಗೆ ಶುರುವಾದ ಮೇಲೆ. ಲೈಸೆನ್ಸ್ ಬರುವವರೆಗೆ ಕೋಣೆ ಖಾಲಿ, ಬಾಡಿಗೆ ಮಾತ್ರ ಜಾರಿ. ಜಿಎಸ್‌ಟಿ ಅರ್ಜಿ ಹಾಕುವ ದಿನವೇ ಹೇಳಬಹುದಿತ್ತು, ಅಲ್ವಾ?

ಇನ್ನು ನಮ್ಮದೇ ಕೋಣೆಗೆ ಮಾಲು ಕಳಿಸುವುದು. ಭಾವನಿಗೆ ಇಂದಿಗೂ ಇದು ಜೀರ್ಣವಾಗಿಲ್ಲ. 'ನಮ್ಮ ಮಾಲು ನಮ್ಮ ಗೋಡೌನಿಗೆ ಹೋದ್ರೆ ಟ್ಯಾಕ್ಸ್ ಯಾಕೆ?' ಕಾನೂನಿನ ಕಣ್ಣಿಗೆ ಶಿರಸಿಯ ನಾವು, ಮಡಗಾಂವ್‌ನ ನಾವು ಬೇರೆ ಬೇರೆ. ಹಣ ಕೈ ಬದಲಾಗದಿದ್ದರೂ ಅದು ಸರಬರಾಜೇ. ಇಲ್ಲಿಂದ ಐಜಿಎಸ್‌ಟಿ ಬಿಲ್, ಅಲ್ಲಿ ಅಷ್ಟೇ ಕ್ರೆಡಿಟ್. ಆಪ್ ಮಾತ್ರ 'ಬ್ರಾಂಚ್ ಟ್ರಾನ್ಸ್‌ಫರ್' ಒತ್ತಿದರೆ ತೆರಿಗೆ ಹಾಕದ ಸಾಗಣೆ ಚೀಟಿ, ಅಂದರೆ ಡೆಲಿವರಿ ಚಲನ್ ತೆಗೆದುಕೊಡುತ್ತಿತ್ತು. ರಾಜ್ಯದೊಳಗೆ, ಒಂದೇ ನಂಬರಿನ ಗೋಡೌನುಗಳ ನಡುವೆ ಅದು ಸರಿ, ಗಡಿ ದಾಟಿದರೆ ನಡೆಯಲ್ಲ. ದೂರು ಕೊಟ್ಟು ಬಹಳ ದಿನದ ಮೇಲೆ ಸರಿಮಾಡಿದರು. ಹಪ್ಪಳದ ತಕರಾರು ಇನ್ನೂ ಇದೆ. ಹಪ್ಪಳಕ್ಕೆ ತೆರಿಗೆ ಇಲ್ಲ, ಒಂದೇ ಬಿಲ್ಲಿನಲ್ಲಿದ್ದರೂ ಅದರ ಮೊತ್ತ ಇ-ವೇ ಬಿಲ್ಲಿನ (ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ದಾಖಲೆ) 50,000 ರೂಪಾಯಿ ಮಿತಿಯ ಲೆಕ್ಕಕ್ಕೆ ಸೇರಲ್ಲ. ಆಪ್ ಎಲ್ಲವನ್ನೂ ಕೂಡಿಸಿ 'ಇ-ವೇ ಬಿಲ್ ಕಡ್ಡಾಯ' ಅಂತ ಕೆಂಪು ಬಣ್ಣ ತೋರಿಸುತ್ತೆ.

ಆದರೆ ಇ-ವೇ ಬಿಲ್ ಅವಧಿಯ ಅಲರ್ಟ್ ಬಹಳ ಉಪಯೋಗ. 200 ಕಿ.ಮೀ.ಗೆ ಒಂದು ದಿನ ಸಿಗುತ್ತೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಬಂದ್ ಆದರೆ ಗಾಡಿ ಯಲ್ಲಾಪುರ, ಅರಬೈಲ್ ಸುತ್ತಿಕೊಂಡು ಅಂಕೋಲಾಕ್ಕೆ ಇಳಿಯಬೇಕು. ಅಲ್ಲೆಲ್ಲಾದರೂ ಗಾಡಿ ಕೆಟ್ಟರೆ ಅವಧಿ ಮುಗಿದೇ ಹೋಗುತ್ತೆ. ಮುಗಿಯುವ 8 ಗಂಟೆ ಮೊದಲಿಂದ, ಮುಗಿದ ಮೇಲೆ 8 ಗಂಟೆಯವರೆಗೆ ವಿಸ್ತರಿಸಬಹುದು. ಮೆಸೇಜ್ ಸರಿಯಾಗಿ ಆ ಹೊತ್ತಿಗೆ ಬರುತ್ತೆ. ಡ್ರೈವರ್ ಫೋನಿಗೂ ಕಳಿಸುವ ಹಾಗೆ ಇಟ್ಟುಕೊಂಡಿದ್ದೇನೆ.

ದರ ಬದಲಾವಣೆಯಲ್ಲೂ ಚುರುಕು. 2025ರ ಸೆಪ್ಟೆಂಬರ್ 22ರಂದು ಉಪ್ಪಿನಕಾಯಿ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಬೆಳಿಗ್ಗೆ ಬಿಲ್ ತೆಗೆದಾಗ ಹೊಸ ದರವೇ ಬಂದಿತ್ತು. ರಿಟರ್ನ್ ಕ್ಯಾಲೆಂಡರ್ ಎರಡೂ ನಂಬರಿಗೆ ಬೇರೆ ಬೇರೆ ತೋರಿಸುತ್ತೆ. ಮಳೆಗಾಲದಲ್ಲಿ ಪ್ರವಾಸಿಗರಿಲ್ಲದೆ ಮಡಗಾಂವ್ ವ್ಯಾಪಾರ ಸೊನ್ನೆಯಾದರೂ ರಿಟರ್ನ್ ತಪ್ಪಲ್ಲ, ತಡವಾದರೆ ದಿನಕ್ಕೆ 20 ರೂಪಾಯಿ. ಅಂಗಡಿ ಕಾಯ್ದೆ ನೋಂದಣಿಯನ್ನೂ ಇವರೇ ಮಾಡಿಕೊಟ್ಟರು, ಅದರಲ್ಲಿ ಹೇಳುವಂಥದ್ದೇನಿಲ್ಲ. ಸಪೋರ್ಟ್‌ನವರು ಕನ್ನಡದಲ್ಲಿ ಮಾತಾಡುತ್ತಾರೆ, ಆಪ್ ಮಾತ್ರ ಪೂರ್ತಿ ಇಂಗ್ಲಿಷ್.

ಈ ಸಲ ಕರ್ನಾಟಕದ ಭಾಗ ಬಿಟ್ಟು ಗೋವಾ ಪ್ಲಾನ್ ಒಂದನ್ನೇ ನವೀಕರಿಸಿದ್ದೇನೆ. ಇಲ್ಲಿನದು ನಮ್ಮ ಆಡಿಟರ್ ನೋಡಿಕೊಳ್ಳುತ್ತಾರೆ. ಪ್ಲಾನ್ ಇಳಿಸಲು ಆಪ್‌ನಲ್ಲಿ ಬಟನ್ ಹುಡುಕಬೇಡಿ, ಇಲ್ಲ. ಚಂದಾ ಮುಗಿಯುವ ಮೊದಲೇ ಈಮೇಲ್ ಹಾಕಿ, ಇಲ್ಲದಿದ್ದರೆ ಎರಡೂ ರಾಜ್ಯದ ಚಂದಾ ದುಡ್ಡು ತಾನಾಗಿಯೇ ಕಟ್ ಆಗುತ್ತೆ.