ಸೆಲ್ಫ್ ಎತ್ತದ ಹಳೇ ಕಾರಿಗೆ ಮೂರು ಮೀಟರ್ ಹಿಡಿದು ನೋಡಿದೆ

ನಮ್ಮ ಕಾರು 2004ರ ಪೆಟ್ರೋಲ್ ಮಾಡೆಲ್. ವಾರಕ್ಕೊಮ್ಮೆ ಹೊರಗೆ ಬಂದರೆ ಜಾಸ್ತಿ. ಮಳೆಗಾಲ ಶುರುವಾದ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ಮುಕ್ಕಿರಿದು ಎರಡು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಅಂಗಡಿಯವರು ಬಾನೆಟ್ ಎತ್ತದೆಯೇ ‘ಬ್ಯಾಟರಿ ಹೋಗಿದೆ ಸಾರ್’ ಎಂದರು. ಅದಕ್ಕಿನ್ನೂ ಎರಡೂವರೆ ವರ್ಷ. ಸುಮ್ನೆ ನಾಲ್ಕು ಸಾವಿರ ಕೊಡಲು ಮನಸ್ಸು ಬರಲಿಲ್ಲ.

ಮೊದಲು ತಂದದ್ದು ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಪುಟ್ಟ ವೋಲ್ಟ್ ಮೀಟರ್. 200 ರೂಪಾಯಿ ಒಳಗೇ ಸಿಗುತ್ತದೆ. ಕೀ ಆನ್ ಮಾಡಿದರೆ 12.0, ಇಂಜಿನ್ ಓಡುವಾಗ 13.3. ಅಂಗಡಿಯವರ ಮಾತೇ ನಿಜ ಅಂತ ಎದೆ ಧಸಕ್ಕೆಂದಿತು. ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 450 ರೂಪಾಯಿಗೆ ತಂದ ಮಲ್ಟಿಮೀಟರನ್ನು ನೇರ ಬ್ಯಾಟರಿ ಟರ್ಮಿನಲ್‌ಗೇ ಹಿಡಿದೆ. ಕೀ ಆನ್ ಇದ್ದಾಗಲೇ 12.4, ಇಂಜಿನ್ ಓಡುವಾಗ 13.7. ಸಾಕೆಟ್‌ಗೆ ಬರುವ ಕರೆಂಟ್ ಇಗ್ನಿಷನ್ ಸ್ವಿಚ್, ಫ್ಯೂಸ್, 20 ವರ್ಷದ ವೈರು ಎಲ್ಲ ದಾಟಿ ಬರಬೇಕಲ್ವಾ? ದಾರಿಯುದ್ದಕ್ಕೂ ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ವೋಲ್ಟೇಜ್ ತಿಂದಿದ್ದರು. ಹಾಗಾಗಿ ಆ ಪುಟ್ಟ ಮೀಟರಿನ ಅಂಕಿಯನ್ನು ನಾನು ನಂಬುವುದಿಲ್ಲ, ಏರಿಳಿತವನ್ನಷ್ಟೇ ನೋಡುತ್ತೇನೆ. ರಾತ್ರಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿಕೊಂಡು ಓಡಿಸುವಾಗ ಎಷ್ಟಕ್ಕೆ ಇಳಿಯಿತು ಅಂತ ಡ್ರೈವರ್ ಸೀಟಿನಲ್ಲೇ ತಿಳಿಯುವುದು ಅದರಿಂದ ಮಾತ್ರ.

ಬ್ಯಾಟರಿ ಒಳಗಿನ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಳೇ ಕಾಲದ ವಿದ್ಯೆ. ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಗೆ ಮಾತ್ರ ಆಗುತ್ತದೆ, ಸೀಲ್ ಆದದ್ದಕ್ಕೆ ಆಗುವುದಿಲ್ಲ. ಆರೂ ಸೆಲ್‌ಗಳಲ್ಲಿ 1240ರಿಂದ 1250 ತೋರಿಸಿತು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 50 ಪಾಯಿಂಟ್ ಕೆಳಗಿದ್ದರೆ ಬ್ಯಾಟರಿ ಕಥೆ ಮುಗಿಯಿತು ಎನ್ನಬಹುದು. ನನ್ನದು ಗಟ್ಟಿಯಾಗಿತ್ತು. ಅಷ್ಟು ತಿಳಿದದ್ದಕ್ಕೆ ದಂಡ ಒಂದು ಪಂಚೆ. ಆಸಿಡ್ ಹನಿ ಬಿದ್ದದ್ದು ಗೊತ್ತೇ ಆಗಲಿಲ್ಲ, ಒಗೆದ ಮೇಲೆ ನೋಡಿದರೆ ತೂತು.

ಹಾಗಾದರೆ ವೋಲ್ಟೇಜ್ ಎಲ್ಲಿ ಸೋರುತ್ತಿತ್ತು? ಇದಕ್ಕೆ ಉತ್ತರ ಕೊಟ್ಟದ್ದು ಮಲ್ಟಿಮೀಟರ್ ಒಂದೇ. ಮಗಳನ್ನು ಕೂರಿಸಿ ಸೆಲ್ಫ್ ಹೊಡೆಸಿದೆ. ಬ್ಯಾಟರಿ ಟರ್ಮಿನಲ್‌ನಲ್ಲಿ 10.9. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಚಿಂತೆ, ಇದು ಚೆನ್ನಾಗೇ ಇದೆ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಕಡ್ಡಿ ಇಂಜಿನ್ನಿನ ಬರೀ ಲೋಹಕ್ಕೆ ಒತ್ತಿ ಹಿಡಿದು ‘ಇನ್ನೊಂದ್ಸಲ ಹೊಡಿಯಮ್ಮ’ ಎಂದೆ. ಅಲ್ಲಿ 0.2 ವೋಲ್ಟ್ ದಾಟಬಾರದು. ನನಗೆ ಬಂದದ್ದು 1.1! ಬ್ಯಾಟರಿ ಕೊಡುತ್ತಿದೆ, ಸೆಲ್ಫ್ ಮೋಟಾರಿಗೆ ಪೂರ್ತಿ ತಲುಪುತ್ತಿಲ್ಲ.

ಬ್ಯಾಟರಿಯ ಮೈನಸ್‌ನಿಂದ ಬಂದು ಗೇರ್‌ಬಾಕ್ಸಿಗೆ ಕಚ್ಚಿಸಿದ್ದ ಅರ್ತ್ ವೈರಿನ ಬೋಲ್ಟ್ ಬಿಚ್ಚಿದೆ. (ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಕೊಳ್ಳಿ.) ಮೇಲಿಂದ ನೋಡಲು ಸರಿಯಾಗೇ ಇತ್ತು. ಅಡಿಯಲ್ಲಿ ತುಕ್ಕು, ಅದರ ಮೇಲೆ ಆಯಿಲ್ ಜಿಡ್ಡು, ಮಣ್ಣು, ಎಲ್ಲ ಸೇರಿ ಹಪ್ಪಳದಂತೆ ಒಂದು ಪದರ. ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಅಳೆದರೆ 0.15. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಕರೆಂಟ್ ವಾಪಸ್ ಹೋಗುವುದೂ ಅದೇ ಅರ್ತ್ ದಾರಿಯಲ್ಲಿ, ಹಾಗಾಗಿ ಚಾರ್ಜಿಂಗ್ ಕೂಡ 13.7ರಿಂದ 14.1ಕ್ಕೆ ಏರಿತು.

ಕಾರು ನಿಂತಲ್ಲೇ ಬ್ಯಾಟರಿ ಇಳಿಯುತ್ತಿದೆಯಾ ಅಂತ ನೋಡುವಾಗಲೂ ಮಲ್ಟಿಮೀಟರೇ. ಆಗ ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ವೈರಿಗೂ ಟರ್ಮಿನಲ್‌ಗೂ ಮಧ್ಯೆ ಮೀಟರನ್ನು 10 ಆಂಪ್ಸ್ ಸೆಟ್ಟಿಂಗಿನಲ್ಲಿ ಸೇರಿಸಬೇಕು. 50 ಮಿಲಿಆಂಪ್ಸ್ ಒಳಗಿದ್ದರೆ ಸಾಮಾನ್ಯವಾಗಿ ಯೋಚನೆ ಬೇಡ. ನನ್ನದು 30. ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಆದರೆ ಏನೂ ಬಿಚ್ಚಬೇಕಿಲ್ಲ ನಿಜ, ಆದರೆ ಕಡಿಮೆ ಬೆಲೆಯ ಎಷ್ಟೋ ಕ್ಲ್ಯಾಂಪ್‌ಗಳು ಎ.ಸಿ. ಕರೆಂಟನ್ನು ಮಾತ್ರ ಅಳೆಯುತ್ತವೆ. ಕೊಳ್ಳುವ ಮುಂಚೆ ಡಿ.ಸಿ. ಇದೆಯಾ ಅಂತ ಕೇಳಿ. ಮಲ್ಟಿಮೀಟರ್ ಹಾಗೆ ಮಧ್ಯೆ ಸೇರಿಸಿದ್ದಾಗ ಮರೆತೂ ಸೆಲ್ಫ್ ಹೊಡೆಯಬೇಡಿ. ನಾನು ಹೊಡೆದೆ. ಮೀಟರಿನ ಒಳಗಿನ ಫ್ಯೂಸ್‌ಗಾಗಿ ಮತ್ತೆ ಎಸ್.ಪಿ. ರಸ್ತೆಗೆ ಹೋಗಬೇಕಾಯಿತು, ಅದೂ ಬಸ್ಸಿನಲ್ಲಿ.