ಕಂಪನಿ ವಕೀಲರು ಕಾಫಿಗೆ ಕರೆದರೆ ಹುಷಾರು

ಕೆಲಸ ಹೋಗಿ ವರ್ಷವಾಗುತ್ತಾ ಬಂತು. ಬೆಂಗಳೂರಿನದೇ ಒಂದು ಕಂಪನಿ, ಹೆಸರು ಬೇಡ. ತಪ್ಪೆಲ್ಲ ಅವರದ್ದೇ ಅಂತ ನಾನೂ ಹೇಳುವುದಿಲ್ಲ.

ನೋಟಿಸ್ ಕೈಗೆ ಬಂದ ದಿನ ಲೀಗಲ್ ವಿಭಾಗದ ಸರ್ ಕ್ಯಾಂಟೀನಿಗೆ ಕರೆದರು. "ನಾನೂ ವಕೀಲನೇ ಅಲ್ವಾ, ಧೈರ್ಯವಾಗಿ ಹೇಳಿ" ಅಂದರು. ಹೇಳಿದೆ. ಮ್ಯಾನೇಜರ್ ಸಹಿ ಇಲ್ಲದೆ ಎರಡು ಬಿಲ್ ಪಾಸ್ ಮಾಡಿದ್ದು, ಅದಕ್ಕೆ ಅವರು ಫೋನಿನಲ್ಲಿ ಹೂಂ ಅಂದಿದ್ದು, ಎಲ್ಲ. ಮೂರು ವಾರದ ಮೇಲೆ ವಿಚಾರಣೆಯಲ್ಲಿ ಅದೇ ಮಾತು ಟೈಪಾಗಿ ಬಂತು: "ನೌಕರರು ತಾವೇ ಒಪ್ಪಿಕೊಂಡಿರುತ್ತಾರೆ." ಫೋನಿನ ಹೂಂ ಮಾತ್ರ ಎಲ್ಲೂ ಇರಲಿಲ್ಲ.

ವಕೀಲರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ ಅಂತ ನಂಬಿದ್ದೆ. ಉಳಿಯುತ್ತದೆ, ಅವರು ನಮ್ಮ ವಕೀಲರಾಗಿದ್ದರೆ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಪ್ರಕಾರ, ಕಕ್ಷಿದಾರ ಒಪ್ಪದೆ ವಕೀಲರು ಬಾಯಿ ಬಿಡುವ ಹಾಗಿಲ್ಲ. ಕೇಸು ಮುಗಿದ ಮೇಲೂ ಅಷ್ಟೇ. 2024ರ ಜುಲೈ 1ಕ್ಕೆ ಮುಂಚೆ ಹಳೆ ಕಾಯ್ದೆಯ 126ನೇ ಕಲಂ ಇದನ್ನೇ ಹೇಳುತ್ತಿತ್ತು. ಕಾನೂನು ಮುರಿಯಲು ಸಹಾಯ ಕೇಳಿದ್ದರೆ ಆ ಮಾತಿಗೆ ರಕ್ಷಣೆ ಇಲ್ಲ, ಅದು ಬೇರೆ ವಿಷಯ. ಆದರೆ ಆ ಸರ್‌ಗೆ ಕಕ್ಷಿದಾರ ನಾನಲ್ಲ, ಕಂಪನಿ. ಕಂಪನಿಯಲ್ಲಿ ಸಂಬಳಕ್ಕಿರುವ ಇಂಥವರು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರಲ್ಲ, ಅವರಿಗೆ 132 ಅನ್ವಯಿಸುವುದೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ.

ಎರಡನೇ ಪೆದ್ದುತನ ಪೂರ್ತಿ ನನ್ನದು. ನನ್ನ ಸ್ವಂತ ವಕೀಲರಿಗೆ ಆಫೀಸ್ ಮೇಲ್‌ನಿಂದ ಬರೆದೆ: "ಎಂಟು ಲಕ್ಷ ಕೇಳೋಣ ಸರ್, ಮೂರಕ್ಕೆ ಬಂದರೂ ಮುಗಿಸಿಬಿಡೋಣ." ರಾಜಿಗೆ ಕೂತಾಗ ಎಚ್‌ಆರ್ ಮೇಡಂ ಚೌಕಾಸಿಯನ್ನೇ ಮಾಡಲಿಲ್ಲ. ಫೈಲ್ ಕೂಡ ತೆರೆಯದೆ "ಮೂರು" ಅಂದರು. ನಮ್ಮ ವಕೀಲರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

ಮೇಲ್ ಓದಿದ್ದಾರೆ ಅನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಆಫೀಸ್ ಮೇಲನ್ನು ಕಂಪನಿ ನೋಡಬಹುದು ಅಂತ ಸೇರುವಾಗಲೇ ಸಹಿ ಹಾಕಿಕೊಟ್ಟಿದ್ದೆ, ಓದದೆ. ಅದು ವಕೀಲರಿಗೆ ಬರೆದ ಪತ್ರ, ಮುಟ್ಟುವಂತಿಲ್ಲ ಅಂತ ಕೋರ್ಟಿನಲ್ಲಿ ವಾದ ಮಾಡಬಹುದಿತ್ತು. ಆದರೆ ಮೂರು ಅನ್ನುವ ಅಂಕಿಯನ್ನು ಅವರ ತಲೆಯಿಂದ ಅಳಿಸೋದು ಹೇಗೆ?

ವಕೀಲರ ಹತ್ತಿರ ಸ್ವಂತ ಫೋನು, ಸ್ವಂತ ಮೇಲ್‌ನಲ್ಲೇ ಮಾತಾಡಿ. ಅವರ ಸಲಹೆಯನ್ನು ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಕಂಪನಿಯ ಲೀಗಲ್‌ನವರು ಕರೆದರೆ ಕಾಫಿ ಕುಡಿಯಿರಿ, ಪರವಾಗಿಲ್ಲ. "ನಮ್ಮ ವಕೀಲರನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಕೊಡುತ್ತೇನೆ ಸರ್" ಅಂತ ಹೇಳಿ ಎದ್ದು ಬನ್ನಿ.